ಚಿಗಟದ ಕಾಟ, ಆತುರದ ಔಷಧ

ಮಳೆಗಾಲ ಬಂತೆಂದರೆ ಬೇಲಾಪುರದ ನಮ್ಮವರ ಕೋಣೆಗಳಿಂದ ಒಂದು ಹಳೆಯ ದೂರು ಹೊಸದಾಗಿ ಕೇಳಿಬರುತ್ತದೆ. ರಾತ್ರಿ ಹೋಟೆಲಿನ ಬಾಗಿಲು ಮುಚ್ಚಿ ನಾಲ್ಕಾರು ಮಂದಿ ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದರೆ, ಕಾಲಿಗೆ ಚಿಗಟ ಕಚ್ಚಿ ನಿದ್ರೆಯಿಲ್ಲ. ಬೆಳಗಿನ ಐದಕ್ಕೆ ಮತ್ತೆ ಇಡ್ಲಿಯ ಪಾತ್ರೆ ಒಲೆಗೇರಬೇಕು. ಗುಮಾಸ್ತರ ಮನೆಯಲ್ಲಿ ಮಗುವಿನ ಕಾಲ ಮೇಲೆ ಕೆಂಪು ಗುಳ್ಳೆ ಕಂಡೊಡನೆ ಸಾಕಿದ ಬೆಕ್ಕಿನ ಮೇಲೆ ಕೋಪ ತಿರುಗುತ್ತದೆ. ಕೆಲವರು ಅದನ್ನು ಚೀಲದಲ್ಲಿ ಕಟ್ಟಿ ದೂರ ಬಿಟ್ಟುಬರುತ್ತಾರೆ. ಕೆಲವರು ಸಿಕ್ಕಿದ ವಿಷವನ್ನು ತಂದು ಎರಚುತ್ತಾರೆ. ಈ ಎರಡು ದಾರಿಗಳೂ ತಪ್ಪೆಂಬುದನ್ನು ಓದುಗರ ಗಮನಕ್ಕೆ ತರಬಯಸುತ್ತೇವೆ.

ಚಿಗಟದ ಭಯ ನಿರಾಧಾರವಾದುದಲ್ಲ. 1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನೂ ಮುಟ್ಟಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದುದು ಆ ಮಾರಿಯ ತರುವಾಯವೇ. ರೋಗವನ್ನು ಹರಡುವುದು ಇಲಿಯ ಚಿಗಟವೆಂದು ಫ್ರೆಂಚ್ ವೈದ್ಯ ಸಿಮೊಂಡ್ ಕರಾಚಿಯಲ್ಲಿ ತೋರಿಸಿಕೊಟ್ಟುದೂ 1898ರಲ್ಲಿಯೇ. ಆದರೆ ನಮ್ಮ ನಾಯಿ ಬೆಕ್ಕುಗಳ ಮೈಮೇಲೆ ಸಾಮಾನ್ಯವಾಗಿ ಇರುವುದು ಬೇರೆ ಜಾತಿಯ ಚಿಗಟ. ಇಲಿಗಳು ಸಾಲಾಗಿ ಸತ್ತು ಬಿದ್ದರೆ ಮುಟ್ಟದೆ ಮಹಾನಗರಪಾಲಿಕೆಗೆ ತಿಳಿಸತಕ್ಕದ್ದು. ಉಳಿದಂತೆ ದಿಗಿಲಿಗೆ ಕಾರಣವಿಲ್ಲ.

ದಿಗಿಲಿನಲ್ಲಿ ಮಾಡಿದ ತಪ್ಪೊಂದನ್ನು ನಾವೇ ಒಪ್ಪಿಕೊಳ್ಳಬೇಕಾಗಿದೆ. ನಾವು ಹೋಟೆಲು ನಡೆಸುತ್ತಿದ್ದಾಗ ದಿನಸಿನ ಕೋಣೆಯಲ್ಲಿ ಇಲಿ ಕಾಯಲು ಒಂದು ಬೆಕ್ಕಿತ್ತು. ನಾಯಿಗೆಂದು ತಂದ ಚಿಗಟದ ಔಷಧವನ್ನು ಅದಕ್ಕೂ ಹಚ್ಚುವಂತೆ ಹುಡುಗನಿಗೆ ಹೇಳಿದೆವು. ನಾಯಿಗೆ ಆಗುವುದು ಬೆಕ್ಕಿಗೇಕೆ ಆಗದು ಎಂಬುದು ನಮ್ಮ ತರ್ಕ. ಸಂಜೆಗೆ ಅದು ನಡುಗತೊಡಗಿತು, ಬೆಳಗಾಗುವಷ್ಟರಲ್ಲಿ ಸತ್ತಿತು. ಆ ಹುಡುಗ ಎರಡು ದಿನ ನಮ್ಮ ಮುಖ ನೋಡಲಿಲ್ಲ. ನಾಯಿಯ ಔಷಧಗಳಲ್ಲಿ ಕೆಲವದರಲ್ಲಿರುವ ಪರ್ಮೆಥ್ರಿನ್ನನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದೆಂದು ಪಶುವೈದ್ಯರೊಬ್ಬರಿಂದ ತಿಳಿದುದು ಆಮೇಲೆ.

ಬೆಕ್ಕನ್ನು ಹೊರದೂಡುವುದರಿಂದಲೂ ಫಲವಿಲ್ಲ. ಪ್ರಾಣಿಯ ಮೈಮೇಲೆ ಕಾಣುವ ಚಿಗಟಗಳು ಒಟ್ಟಿನಲ್ಲಿ ಸಣ್ಣ ಪಾಲು. ಮೊಟ್ಟೆ, ಮರಿಹುಳು, ಗೂಡುಗಳು ಚಾಪೆಯ ಅಡಿಯಲ್ಲಿ, ನೆಲದ ಬಿರುಕಿನಲ್ಲಿ, ಕಪಾಟಿನ ಹಿಂದೆ ಇರುತ್ತವೆ. ಗೂಡಿನೊಳಗಿನದಕ್ಕೆ ಔಷಧ ತಾಗದು. ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾದಿದ್ದು ಹೊರಬರುತ್ತದೆ. ಬೆಕ್ಕು ಇಲ್ಲವಾದರೆ ಹಸಿದ ಚಿಗಟ ಮನುಷ್ಯನನ್ನೇ ಹುಡುಕುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಸೀರಣಿಗೆಯಿಂದ ಪ್ರಾಣಿಯ ಮೈ ಬಾಚಿ, ಉದುರಿದ ಕಪ್ಪು ಕಾಳನ್ನು ಒದ್ದೆಯಾದ ಬಿಳಿ ಕಾಗದದ ಮೇಲೆ ಇಡಿರಿ; ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ. ಸಿಕ್ಕಿದ ಚಿಗಟವನ್ನು ಸಾಬೂನಿನ ನೀರಿಗೆ ಹಾಕಿರಿ. ಪಶುವೈದ್ಯರು ಆಯಾ ಪ್ರಾಣಿಯ ಜಾತಿ, ತೂಕ, ವಯಸ್ಸು ನೋಡಿ ಕೊಟ್ಟ ಔಷಧವನ್ನು ಮನೆಯ ಎಲ್ಲ ಪ್ರಾಣಿಗಳಿಗೂ ಒಂದೇ ದಿನ ಹಾಕಿ, ಅವರು ಹೇಳಿದಷ್ಟು ತಿಂಗಳು ತಪ್ಪದೆ ಮುಂದುವರಿಸಿರಿ. ಹಾಸಿಗೆ ಬಟ್ಟೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು, ಬಿಸಿಲು ಕಂಡಾಗ ಒಣಗಿಸಿರಿ. ಮೂಲೆ ಬಿರುಕುಗಳನ್ನು ದಿನವೂ ಗುಡಿಸಿ, ಕಸವನ್ನು ಕಟ್ಟಿದ ಚೀಲದಲ್ಲಿ ಹೊರಹಾಕಿರಿ. ಎರಡನೆಯ ವಾರದಲ್ಲಿ ಹೊಸ ಚಿಗಟ ಕಂಡರೆ ಎದೆಗುಂದದಿರಿ. ಅದು ಹಳೆಯ ಗೂಡು ಒಡೆದುದರ ಗುರುತು.

ಮಾಡಬಾರದ್ದನ್ನೂ ಹೇಳಿಬಿಡುತ್ತೇವೆ. ಸೀಮೆಎಣ್ಣೆ, ನುಸಿಗುಳಿಗೆಯ ಪುಡಿ, ಕರ್ಪೂರದ ಎಣ್ಣೆಗಳನ್ನು ಪ್ರಾಣಿಯ ಮೈಗೆ ಹಚ್ಚಬೇಡಿರಿ. ಅದು ನೆಕ್ಕಿಯೇ ತೀರುತ್ತದೆ. ಕೋಣೆಗೆ ಸಿಂಪಡಣೆ ಮಾಡಿಸಿದರೆ ಪ್ರಾಣಿ, ಪಾತ್ರೆ, ಆಹಾರಗಳನ್ನು ಮೊದಲೇ ಹೊರಗಿಟ್ಟು, ನೆಲ ಪೂರ್ತಿ ಒಣಗಿ ಗಾಳಿಯಾಡಿದ ಮೇಲೆ ಒಳಸೇರಿಸಿರಿ. ಮೀನಿನ ತೊಟ್ಟಿಯಿದ್ದರೆ ಅದನ್ನೂ ಹೊರಗಿಡಿರಿ. ಹಳಬರು ಬಳಸುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು ಸರಕಾರ 1997ರಲ್ಲಿಯೇ ನಿಷೇಧಿಸಿದೆ. ಧಾನ್ಯದ ಗೋದಾಮಿನ ವಿಷದ ಗುಳಿಗೆಯನ್ನಂತೂ ಮಲಗುವ ಕೋಣೆಗೆ ಎಂದೂ ತರಬಾರದು. ಗಾಳಿಯ ತೇವ ತಾಗಿ ಅದರಿಂದ ಹೊರಡುವ ಅನಿಲ ಮಲಗಿದವರನ್ನು, ಪಕ್ಕದ ಕೋಣೆಯವರನ್ನೂ ಕೊಲ್ಲಬಲ್ಲದು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಕೆಲಸ ನಮಗೆ ಬೇಡ.

ಕೊನೆಯದಾಗಿ ಹೋಟೆಲು ಮಾಲೀಕರಲ್ಲಿ ಒಂದು ಮಾತು. ಹುಡುಗರು ಮಲಗುವ ಕೋಣೆ ಅವರ ಸ್ವಂತ ಮನೆಯಲ್ಲ. ಅದರ ಹೊಣೆ ನಮ್ಮದು. ಅಡಿಗೆಮನೆಯಲ್ಲಿ ಕುದಿಯುವ ನೀರಿಗೆ ಬರವಿಲ್ಲ. ವಾರಕ್ಕೆ ಅರ್ಧ ದಿನದ ಬಿಡುವು, ಒಗೆಯಲು ಸಾಬೂನು, ಬೆಕ್ಕಿಗೆ ವೈದ್ಯರ ಖರ್ಚು, ಇಷ್ಟನ್ನು ಕೊಟ್ಟರೆ ವಿಷದ ಪೊಟ್ಟಣವನ್ನು ಹುಡುಕಿಕೊಂಡು ಯಾರೂ ಹೋಗಲಾರರು. ದಿನವಿಡೀ ನಿಂತು ದುಡಿಯುವವನಿಗೆ ರಾತ್ರಿಯ ನಿದ್ರೆಯೂ ಸಂಬಳದ ಒಂದು ಭಾಗವೆಂದು ನಾವು ತಿಳಿಯುತ್ತೇವೆ.