ಹೂಜಿಯೊಳಗಿನ ಹಣ್ಣಿನ ಹೋಳು

ಸ್ಪೇನ್ ದೇಶದ ದಕ್ಷಿಣ ಭಾಗದಲ್ಲಿ ಬೇಸಿಗೆ ಬಲು ಬಿರುಸು. ಸೆವಿಲ್ಯ ನಗರದಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತೇನಲ್ಲ. ಬಿಸಿಲು ಇಳಿದ ಮೇಲೆ ನೆಂಟರಿಷ್ಟರು ಒಂದೆಡೆ ಸೇರುತ್ತಾರೆ. ಮೇಜಿನ ನಡುವೆ ಒಂದು ದೊಡ್ಡ ಹೂಜಿ. ಅದರಲ್ಲಿ ಮಾಣಿಕ್ಯದ ಬಣ್ಣದ ಪಾನೀಯ. ಕಿತ್ತಳೆ, ನಿಂಬೆ, ಸೇಬಿನ ಹೋಳುಗಳು ಮಂಜುಗಡ್ಡೆಯ ಜೊತೆ ತೇಲುತ್ತಿರುತ್ತವೆ. ಅರಿಯದವರು ನೋಡಿದರೆ ಹಣ್ಣಿನ ಪಾನಕವೆಂದೇ ತಿಳಿದಾರು!

ಇದರ ಹೆಸರು ಸಾಂಗ್ರಿಯ. ಸ್ಪ್ಯಾನಿಷ್ ಭಾಷೆಯಲ್ಲಿ ‘ಸಾಂಗ್ರೆ’ ಎಂದರೆ ರಕ್ತ. ಪಾನೀಯದ ಕೆಂಪು ಬಣ್ಣವೇ ಈ ಹೆಸರಿಗೆ ಕಾರಣವೆನ್ನುತ್ತಾರೆ. ಇದರ ಮೂಲದ್ರವ್ಯ ದ್ರಾಕ್ಷಿಯ ಕೆಂಪು ವೈನ್. ವೈನ್‌ಗೆ ನೀರು ಬೆರೆಸುವ ಪದ್ಧತಿ ಪ್ರಾಚೀನ ಗ್ರೀಕರಲ್ಲೂ ರೋಮನ್ನರಲ್ಲೂ ಇತ್ತು. ಹಣ್ಣು, ಸಕ್ಕರೆ ಸೇರಿಸಿದ ಈ ಬಗೆ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳದು. ಯೂರೋಪಿಯನ್ ಒಕ್ಕೂಟದ 2014ರ ನಿಯಮದಂತೆ ಈ ಎರಡು ದೇಶಗಳಲ್ಲಿ ತಯಾರಾದ ಪಾನೀಯವನ್ನು ಮಾತ್ರ ಬರಿಯ ‘ಸಾಂಗ್ರಿಯ’ ಎಂಬ ಹೆಸರಿನಲ್ಲಿ ಮಾರಬಹುದು. ಅದರಲ್ಲಿ ಆಲ್ಕೊಹಾಲ್ ಪ್ರಮಾಣ ಶೇಕಡಾ 4.5ಕ್ಕಿಂತ ಕಡಿಮೆ ಇರಬಾರದು, 12ರ ಒಳಗಿರಬೇಕು.

ಇಂದು ಈ ಪಾನೀಯ ದೇಶದೇಶಗಳ ಹೋಟೆಲುಗಳನ್ನು ತಲುಪಿದೆ. ಓದಲೆಂದು, ಕೆಲಸಕ್ಕೆಂದು ಯೂರೋಪಿಗೆ ಹೋಗುವ ಕನ್ನಡದ ಹುಡುಗ ಹುಡುಗಿಯರ ಮುಂದೆಯೂ ಒಂದು ದಿನ ಈ ಹೂಜಿ ಬರಬಹುದು. ಆದ್ದರಿಂದ ಅದರೊಳಗೆ ನಡೆಯುವ ವ್ಯಾಪಾರವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಹೂಜಿಯಲ್ಲಿ ನಡೆಯುವುದೇನು?

ಸಾಂಗ್ರಿಯ ಮಾಡುವವರು ಹಿಂದಿನ ರಾತ್ರಿಯೇ ಕೆಲಸ ಶುರುಮಾಡುತ್ತಾರೆ. ಮೊದಲು ಹೆಚ್ಚಿದ ಹಣ್ಣಿನ ಮೇಲೆ ಸಕ್ಕರೆ ಉದುರಿಸಿ ಬಿಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಹಣ್ಣು ರಸ ಬಿಡುತ್ತದೆ. ಉಪ್ಪಿನಕಾಯಿಗೆಂದು ಹೆಚ್ಚಿ ಉಪ್ಪು ಬೆರೆಸಿಟ್ಟ ಮಾವಿನಕಾಯಿ ನೀರು ಬಿಡುವುದನ್ನು ಮನೆಯಲ್ಲಿ ಎಲ್ಲರೂ ನೋಡಿರುತ್ತಾರೆ. ಇಲ್ಲಿ ನಡೆಯುವುದೂ ಅದೇ. ಜೀವಕೋಶದ ಹೊರಗೆ ಸಕ್ಕರೆಯ ಸಾಂದ್ರತೆ ಹೆಚ್ಚಾದಾಗ ಒಳಗಿನ ನೀರು ಪೊರೆಯನ್ನು ದಾಟಿ ಹೊರಬರುತ್ತದೆ. ಇದೇ ಅಭಿಸರಣೆ. ಸಕ್ಕರೆಯನ್ನು ಮೊದಲೇ ಹಾಕುವುದಕ್ಕೆ ಇನ್ನೊಂದು ಕಾರಣವೂ ಉಂಟು. ಸಕ್ಕರೆ ನೀರಿನಲ್ಲಿ ಕರಗುವಷ್ಟು ಸುಲಭವಾಗಿ ಆಲ್ಕೊಹಾಲಿನಲ್ಲಿ ಕರಗದು.

ಆಮೇಲೆ ವೈನ್, ಸ್ವಲ್ಪ ಬ್ರಾಂದಿ, ಒಂದು ತುಂಡು ದಾಲ್ಚಿನ್ನಿ. ಕಿತ್ತಳೆ, ನಿಂಬೆಯ ಸಿಪ್ಪೆಯಲ್ಲಿರುವ ಸುವಾಸನೆಯ ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಆಲ್ಕೊಹಾಲಿನಲ್ಲಿ ಕರಗುತ್ತದೆ. ಆದ್ದರಿಂದಲೇ ರಾತ್ರಿಯೆಲ್ಲ ನೆನೆದ ಪಾನೀಯ ಅಷ್ಟು ಘಮಘಮಿಸುತ್ತದೆ. ಸಿಪ್ಪೆಯ ಕೆಳಗಿನ ಬಿಳಿಯ ಪದರ ಮಾತ್ರ ಕಹಿ. ಬಲ್ಲವರು ಅದನ್ನು ತೆಗೆದುಹಾಕುತ್ತಾರೆ.

ನಿಂಬೆ ರಸ ಬೀಳುತ್ತಲೇ ಬಣ್ಣ ಹೊಳೆಯತೊಡಗುತ್ತದೆ. ಕಪ್ಪು ದ್ರಾಕ್ಷಿಯ ಸಿಪ್ಪೆಯಲ್ಲಿರುವ ಆಂಥೊಸಯನಿನ್ ಎಂಬ ವರ್ಣಕ ಆಮ್ಲದಲ್ಲಿ ಕೆಂಪಾಗುತ್ತದೆ. ಪ್ರತ್ಯಾಮ್ಲದಲ್ಲಿ ನೀಲಿ ಹಸಿರಿಗೆ ತಿರುಗುತ್ತದೆ. ಸೋಡಾ ನೀರು ಸೇರುವುದು ಕಟ್ಟಕಡೆಗೆ, ಬಡಿಸುವ ಹೊತ್ತಿಗೆ. ಅದೂ ಚೆನ್ನಾಗಿ ತಣ್ಣಗಿರಬೇಕು. 0 ಡಿಗ್ರಿಯಲ್ಲಿ ನೀರು ಹಿಡಿದಿಟ್ಟುಕೊಳ್ಳುವ ಇಂಗಾಲದ ಡೈ ಆಕ್ಸೈಡ್ 20 ಡಿಗ್ರಿಯಲ್ಲಿ ಹಿಡಿದಿಡುವುದರ ಸುಮಾರು ಎರಡರಷ್ಟು. ನೀರು ಬೆಚ್ಚಗಾದರೆ ಗುಳ್ಳೆಗಳೆಲ್ಲ ಹಾರಿಹೋಗುತ್ತವೆ. ಸಾಂಗ್ರಿಯದ ಹೂಜಿಯ ಬಾಯಿಯನ್ನು ಚಿವುಟಿದಂತೆ ಕಿರಿದು ಮಾಡಿರುತ್ತಾರೆ. ಬಗ್ಗಿಸಿದಾಗ ಮಂಜುಗಡ್ಡೆ, ಹಣ್ಣು ಹೂಜಿಯಲ್ಲೇ ಉಳಿಯಲೆಂದು ಈ ಉಪಾಯ.

ಒಂದು ಲೆಕ್ಕ

“ಇಷ್ಟೊಂದು ರಸ, ಸೋಡಾ ಬೆರೆಸಿದ ಮೇಲೆ ಅದರಲ್ಲಿ ಏನು ಉಳಿಯುತ್ತದೆ?” ಎನ್ನುವವರಿದ್ದಾರೆ. ಹತ್ತನೆಯ ತರಗತಿಯ ವಿದ್ಯಾರ್ಥಿ ಇದಕ್ಕೆ ಲೆಕ್ಕ ಹಾಕಿಯೇ ಉತ್ತರ ಹೇಳಬಹುದು.

ಶೇಕಡಾ 12 ಆಲ್ಕೊಹಾಲ್ ಇರುವ ವೈನ್ 750 ಮಿಲಿಲೀಟರ್ ಎನ್ನಿ. ಅದರಲ್ಲಿ ಆಲ್ಕೊಹಾಲ್ 90 ಮಿ.ಲೀ. ಶೇಕಡಾ 40ರ ಬ್ರಾಂದಿ 60 ಮಿ.ಲೀ. ಸೇರಿಸಿದರೆ ಇನ್ನೂ 24. ಒಟ್ಟು 114 ಮಿ.ಲೀ. ಇದಕ್ಕೆ ಕಿತ್ತಳೆ ರಸ 250, ಸೋಡಾ 500 ಮಿ.ಲೀ. ಬೆರೆಸಿ. ಹಣ್ಣಿನ ಹೋಳುಗಳನ್ನು ಸದ್ಯಕ್ಕೆ ಬದಿಗಿಡಿ. ಈಗ ಹೂಜಿಯಲ್ಲಿರುವುದು 1,560 ಮಿ.ಲೀ. ಪಾನೀಯ. ಆಲ್ಕೊಹಾಲ್ ಶೇಕಡಾ 7.3ಕ್ಕೆ ಇಳಿದಿದೆ, ನಿಜ. ಆದರೆ ಸಾಂಗ್ರಿಯವನ್ನು ಯಾರೂ ವೈನ್‌ನಂತೆ ಗುಟುಕರಿಸುವುದಿಲ್ಲ. ಬಾಯಾರಿದವರು ದೊಡ್ಡ ಲೋಟದಲ್ಲಿ ಕುಡಿಯುತ್ತಾರೆ. 200 ಮಿ.ಲೀ. ಲೋಟವೊಂದರಲ್ಲಿ ಆಲ್ಕೊಹಾಲ್ 14.6 ಮಿ.ಲೀ. ಬರಿಯ ವೈನ್‌ನ ಚಿಕ್ಕ ಲೋಟದಲ್ಲಿ, ಅಂದರೆ 125 ಮಿ.ಲೀ.ನಲ್ಲಿ, 15 ಮಿ.ಲೀ. ಎರಡೂ ಹೆಚ್ಚುಕಡಿಮೆ ಒಂದೇ!

ನೀರು ಬೆರೆಸಿದರೆ ಸಾಂದ್ರತೆ ಕಡಿಮೆಯಾಗುತ್ತದೆ. ಹೂಜಿಯಲ್ಲಿರುವ ಒಟ್ಟು ಆಲ್ಕೊಹಾಲ್ ಒಂದು ಹನಿಯೂ ಕಡಿಮೆಯಾಗದು. ಇದನ್ನು ಒಲೆಯ ಮೇಲೆ ಕಾಯಿಸುವುದೂ ಇಲ್ಲ. ಹಾಗಾಗಿ ಆವಿಯಾಗಿ ಹೋಗಿರಬಹುದೆಂಬ ಮಾತಿಗೂ ಎಡೆಯಿಲ್ಲ. ಆದರೂ ಬಾಯಿಗೆ ಅದು ತಿಳಿಯುವುದಿಲ್ಲ. ಸಿಹಿ, ಹುಳಿ, ತಂಪು ಮೂರೂ ಸೇರಿ ಆಲ್ಕೊಹಾಲಿನ ಒಗರನ್ನೂ ಉರಿಯನ್ನೂ ಮರೆಮಾಡುತ್ತವೆ. ಹಸಿದ ಹೊಟ್ಟೆಯಲ್ಲಿ ಬೇಗಬೇಗನೆ ಎರಡು ಲೋಟ ಕುಡಿದ 60 ಕಿಲೋ ತೂಕದವರ ರಕ್ತದಲ್ಲಿ ಆಲ್ಕೊಹಾಲ್ ಪ್ರಮಾಣ 100 ಮಿ.ಲೀ.ಗೆ 30 ಮಿಲಿಗ್ರಾಂ ದಾಟಬಲ್ಲದು. ಭಾರತದಲ್ಲಿ ವಾಹನ ಚಾಲಕರಿಗೆ ಕಾನೂನು ಹಾಕಿರುವ ಗಡಿ ಅದೇ 30 ಮಿಲಿಗ್ರಾಂ.

ಹೋಳಿನ ಗುಟ್ಟು

ಈಗ ಬದಿಗಿಟ್ಟ ಹಣ್ಣಿನ ಕಡೆ ಬನ್ನಿ. ಗೋಷ್ಠಿ ಮುಗಿಯುವ ಹೊತ್ತಿಗೆ ಹೂಜಿಯ ತಳದಲ್ಲಿ ಹೋಳುಗಳು ಉಳಿದಿರುತ್ತವೆ. ‘ಹಣ್ಣು ತಾನೆ’ ಎಂದು ಮಕ್ಕಳು ಕೈಹಾಕುತ್ತಾರೆ. ದೊಡ್ಡವರು ಒಮ್ಮೊಮ್ಮೆ ತಾವೇ ಎತ್ತಿ ಕೊಡುವುದೂ ಉಂಟು.

ಸಾಂದ್ರತೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಕಣಗಳು ಹರಡುವುದೇ ವಿಸರಣೆ. ಹಣ್ಣಿನಿಂದ ರಸ ಹೊರಬರುತ್ತಿದ್ದಂತೆ ವೈನ್‌ನ ಆಲ್ಕೊಹಾಲ್ ಹಣ್ಣಿನೊಳಗೆ ನುಗ್ಗುತ್ತದೆ. ಮೇಲಿನ ವೈನ್ ಮತ್ತು ಬ್ರಾಂದಿಯಲ್ಲಿ 300 ಗ್ರಾಂ ಹಣ್ಣು ರಾತ್ರಿಯಿಡೀ ನೆನೆಯಿತೆನ್ನಿ. ಹಣ್ಣಿನ ಶೇಕಡಾ 85ರಷ್ಟು ಭಾಗ ನೀರು. ಒಳಗೂ ಹೊರಗೂ ಆಲ್ಕೊಹಾಲ್ ಪೂರ್ತಿ ಸಮವಾಯಿತೆಂದು ಹಿಡಿದರೆ 100 ಗ್ರಾಂ ಹೋಳಿನಲ್ಲಿ ಸುಮಾರು 9 ಮಿ.ಲೀ. ಆಲ್ಕೊಹಾಲ್ ಇರುತ್ತದೆ. ಇದು ಗರಿಷ್ಠ ಅಂದಾಜು. ದಪ್ಪ ಹೋಳಿನಲ್ಲಿ ಇದಕ್ಕಿಂತ ಕಡಿಮೆ ಇದ್ದೀತು. ಆದರೂ ಒಂದು ಚಿಕ್ಕ ಬಟ್ಟಲು ಹಣ್ಣು ತಿಂದ ಮಗು ಅರ್ಧ ಲೋಟ ವೈನ್ ಕುಡಿದಂತಾಗಬಹುದು.

ಸೇಬಿನ ಹೋಳನ್ನು ಕತ್ತರಿಸಿ ನೋಡಿದರೆ ಅಂಚು ಕೆಂಪು, ನಡು ಬಿಳುಪು. “ಒಳಗೆ ವೈನ್ ಇಳಿದೇ ಇಲ್ಲ” ಎಂದು ಕಣ್ಣು ಹೇಳುತ್ತದೆ. ಕಣ್ಣು ಮೋಸಹೋಗುವುದು ಇಲ್ಲೇ. ಆಲ್ಕೊಹಾಲಿನ ಅಣುತೂಕ 46. ದ್ರಾಕ್ಷಿಯ ವರ್ಣಕದ ಅಣು ಅದರ ಸುಮಾರು ಹತ್ತರಷ್ಟು ಭಾರ. ದಪ್ಪನೆಯ ಅಣು ಅಂಚಿನಲ್ಲೇ ಏಗುತ್ತಿರುವಾಗ ಪುಟ್ಟ ಅಣು ಅದನ್ನು ಹಿಂದೆ ಹಾಕಿ ಒಳಗೆ ಸೇರಿರುತ್ತದೆ. ಬಣ್ಣ ಕಾಣಿಸದ ಕಡೆಯಲ್ಲೂ ಆಲ್ಕೊಹಾಲ್ ಇರುತ್ತದೆ.

ಮಕ್ಕಳ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಅವರ ದೇಹ ಚಿಕ್ಕದು. ಅಷ್ಟೇ ಆಲ್ಕೊಹಾಲ್ ರಕ್ತದಲ್ಲಿ ಹೆಚ್ಚು ಸಾಂದ್ರವಾಗುತ್ತದೆ. ರಕ್ತಕ್ಕೆ ಗ್ಲುಕೋಸ್ ಒದಗಿಸುವ ಯಕೃತ್ತಿನ ಕೆಲಸಕ್ಕೂ ಆಲ್ಕೊಹಾಲ್ ಅಡ್ಡಿ ಮಾಡುತ್ತದೆ. ಇದರಿಂದ ಎಳೆಯ ಮಕ್ಕಳಲ್ಲಿ ಗ್ಲುಕೋಸ್ ಮಟ್ಟ ಅಪಾಯಕರವಾಗಿ ಕುಸಿಯಬಹುದು. ಗರ್ಭಿಣಿಯರಿಗೂ ಇದು ಸಲ್ಲದು. ದೊಡ್ಡವರಿಗಾದರೂ ಸುರಕ್ಷಿತವೆನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಮಾಡಿ ನೋಡಿ

ಈ ವಿಜ್ಞಾನವನ್ನು ತಿಳಿಯಲು ವೈನ್ ಬೇಡ. ಕಪ್ಪು ದ್ರಾಕ್ಷಿಯ ಸಿಪ್ಪೆಯನ್ನು ದೊಡ್ಡವರ ನೆರವಿನಿಂದ ಸ್ವಲ್ಪ ನೀರಿನಲ್ಲಿ ಕುದಿಸಿ ಸೋಸಿ. ಬಣ್ಣದ ನೀರನ್ನು ಮೂರು ಗಾಜಿನ ಲೋಟಗಳಿಗೆ ಹಂಚಿ. ಒಂದಕ್ಕೆ ನಿಂಬೆ ರಸ, ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ. ಮೂರನೆಯದು ಹಾಗೆಯೇ ಇರಲಿ. ಮೂರರ ಬಣ್ಣವನ್ನೂ ಹೋಲಿಸಿ.

ಉಳಿದ ಬಣ್ಣದ ನೀರಿಗೆ ನಾಲ್ಕು ಚಮಚ ಸಕ್ಕರೆ ಬೆರೆಸಿ ಒಂದು ದಪ್ಪ, ಒಂದು ತೆಳು ಸೇಬಿನ ಹೋಳು ಹಾಕಿ ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಅಡ್ಡಕ್ಕೆ ಕತ್ತರಿಸಿ ಬಣ್ಣ ಎಷ್ಟು ಆಳ ಇಳಿದಿದೆಯೆಂದು ಅಳತೆಪಟ್ಟಿಯಿಂದ ಅಳೆಯಿರಿ. ಬಳಿಕ ಬಿಳಿಯ ಭಾಗದ ಒಂದು ಚೂರನ್ನು ತಿಂದು ನೋಡಿ. ಸಕ್ಕರೆಯ ಅಣುವೂ ವರ್ಣಕದ ಅಣುವಿಗಿಂತ ಚಿಕ್ಕದೇ. ಬಣ್ಣ ಮುಟ್ಟದ ಜಾಗಕ್ಕೆ ಸಿಹಿ ಮುಟ್ಟಿದೆಯೇ ಎಂಬುದನ್ನು ನಾಲಗೆಯೇ ಹೇಳಲಿ. ನೆನೆಯದ ಸೇಬಿನ ಚೂರೊಂದನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಲು ಮರೆಯಬೇಡಿ.

ಸ್ಪೇನಿನ ಅಂಗಡಿಗಳಲ್ಲಿ ಆಲ್ಕೊಹಾಲ್ ಇಲ್ಲದ ಸಾಂಗ್ರಿಯವೂ ಸಿಗುತ್ತದೆ. ಗೋಷ್ಠಿ ಏರ್ಪಡಿಸುವವರು ಎರಡು ಬಗೆಯನ್ನೂ ಇಡುವುದಾದರೆ ಹೂಜಿ ಬೇರೆ, ಚಮಚ ಬೇರೆ, ಮೇಜೂ ಬೇರೆ ಇರಬೇಕು. ಮೇಲೆ ಚೀಟಿ ಅಂಟಿಸಿರಬೇಕು. ವೈನ್‌ನಲ್ಲಿ ನೆನೆದ ಹಣ್ಣನ್ನು ಗೋಷ್ಠಿ ಮುಗಿದೊಡನೆ ಮಕ್ಕಳ ಕೈಗೆ ಸಿಗದಂತೆ ತೆಗೆದುಬಿಡಬೇಕು. ಇನ್ನು ಅತಿಥಿಯಾಗಿ ಹೋದವರು, ಎಷ್ಟೇ ಆಪ್ತರ ಮನೆಯಾಗಲಿ, ಲೋಟ ಎತ್ತುವ ಮುನ್ನ “ಇದರಲ್ಲಿ ಏನೇನಿದೆ?” ಎಂದು ಕೇಳಲು ನಾಚಬೇಕಿಲ್ಲ.