ಬಾಗಿಲು ಮುಚ್ಚಿದ ಯೋಜನೆ ಯಾರಿಗಾಗಿ?

ಸಂಘದ ಮುಂದಿನ ಐದು ವರ್ಷಗಳ ಯೋಜನೆಯನ್ನು ಕಾರ್ಯಕಾರಿ ಸಮಿತಿಯ ಏಳು ಮಂದಿ ಬಾಗಿಲು ಮುಚ್ಚಿ ಸಿದ್ಧಪಡಿಸುತ್ತಿದ್ದಾರೆ. ಮಕ್ಕಳ ಭಾನುವಾರದ ಕನ್ನಡ ತರಗತಿಯನ್ನು ನಿಲ್ಲಿಸುವ ವಿಚಾರವೂ ಅದರಲ್ಲಿದೆಯಂತೆ. ಈ ‘ಅಂತೆ’ಯೇ ನನ್ನ ತಕರಾರು. ಕೇಳಿದರೆ, “ಎಲ್ಲರನ್ನೂ ಸೇರಿಸಿದರೆ ಗುಂಪಿನಲ್ಲಿ ಗೋವಿಂದ ಆಗುತ್ತದೆ, ಸ್ವಾಮಿ” ಎನ್ನುತ್ತಾರೆ.

ಆಗಲೇಬೇಕೆಂದೇನಿಲ್ಲ. 1999ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಚದುರಂಗದ ಗ್ಯಾರಿ ಕ್ಯಾಸ್ಪರೋವ್ ಅಂತರ್ಜಾಲದಲ್ಲಿ ಇಡೀ ಜಗತ್ತಿನ ವಿರುದ್ಧ ಒಂದು ಆಟ ಆಡಿದರು. ಎದುರು ಪಕ್ಷದಲ್ಲಿ 75ಕ್ಕೂ ಹೆಚ್ಚು ದೇಶಗಳ 50,000ಕ್ಕೂ ಹೆಚ್ಚು ಜನ. ಪ್ರತಿ ನಡೆಗೆ 24 ಗಂಟೆ. ಹೆಚ್ಚು ಮತ ಬಿದ್ದದ್ದೇ ನಡೆ. ಈ ‘ಗುಂಪು’ 10ನೆಯ ನಡೆಯಲ್ಲೇ ಹಿಂದೆ ಯಾರೂ ಆಡಿರದ ದಾರಿ ಹಿಡಿಯಿತು. ಆಟ 62 ನಡೆಗಳವರೆಗೆ ಬೆಳೆಯಿತು. ಗೆದ್ದವರು ಕ್ಯಾಸ್ಪರೋವ್, ನಿಜ. ಆದರೆ ಬೇರಾವ ಆಟಕ್ಕೂ ಇಷ್ಟು ಶ್ರಮಪಟ್ಟಿರಲಿಲ್ಲವೆಂದು ಅವರೇ ಹೇಳಿಕೊಂಡರು.

ಬರೀ ಮತ ಎಣಿಸಿದ್ದರಿಂದ ಇದು ಸಾಧ್ಯವಾಗಲಿಲ್ಲ. ನಾಲ್ವರು ಸಲಹೆಗಾರರ ಪೈಕಿ ಅಮೆರಿಕದ 15ರ ಹುಡುಗಿ ಐರಿನಾ ಕ್ರಶ್ ಬಹಿರಂಗ ಚರ್ಚೆಯಲ್ಲಿ ಬಂದ ಲೆಕ್ಕಾಚಾರಗಳನ್ನು ಕಲೆಹಾಕಿ, ಒರೆಗೆ ಹಚ್ಚಿ, ಮತ್ತೆ ಎಲ್ಲರ ಮುಂದಿಡುತ್ತಿದ್ದಳು. 58ನೆಯ ನಡೆಗೆ ಅವಳ ಸಲಹೆ ವೇಳೆಗೆ ಪ್ರಕಟವಾಗಲಿಲ್ಲ. ಮತ ಬೇರೆ ಕಡೆ ಹೋಯಿತು. ಮೊದಲೇ ಇಕ್ಕಟ್ಟಿನಲ್ಲಿದ್ದ ಆಟ ನಾಲ್ಕೇ ನಡೆಗಳಲ್ಲಿ ಮುಗಿಯಿತು. ವಾರ್ಷಿಕ ಸಭೆಯಲ್ಲಿ, ಊಟದ ಎಲೆ ಹಾಕುವ ಮುಂಚೆ, ಕೈ ಎತ್ತಿಸಿ “ಸರ್ವಾನುಮತ” ಎನ್ನುವವರು ಇದನ್ನು ಗಮನಿಸಬೇಕು. ಕಾಗದಪತ್ರ ತೋರಿಸದೆ ಮತ ಕೇಳುವುದು ಸಮಾಲೋಚನೆಯಲ್ಲ. ಕಡತಕ್ಕೆ ಟಿಪ್ಪಣಿ ಬರೆದೇ ತಲೆ ನರೆತ ಗುಮಾಸ್ತ ನಾನು. ನಮ್ಮ ಕಛೇರಿಯಲ್ಲೂ ಹಾಗೆ ಸಹಿ ಕೇಳುವುದಿಲ್ಲ!

ಗುಟ್ಟು ಹೊರಬೀಳುತ್ತದೆಂಬ ಅಂಜಿಕೆಯೇ? ಜಗತ್ತಿನ ತಂಡದ ಚರ್ಚೆಯನ್ನು ಕ್ಯಾಸ್ಪರೋವ್ ಕೂಡ ಓದುತ್ತಿದ್ದರು. ಬಯಲಲ್ಲಿ ಯೋಚಿಸುವುದಕ್ಕೆ ಅಷ್ಟು ಬೆಲೆ ತೆರಬೇಕಾಗಿತ್ತು. ಆದರೆ ನಮ್ಮ ಸಂಘಕ್ಕೆ ಯಾವ ಕ್ಯಾಸ್ಪರೋವ್ ಎದುರಾಳಿ? ತರಗತಿಗೆ ಮಕ್ಕಳೇಕೆ ಕಡಿಮೆಯಾದರೆಂಬುದು ಎರಡು ಬಸ್ಸು ಬದಲಿಸಿ ಅವರನ್ನು ಕರೆತರುವ ತಾಯಂದಿರಿಗೆ ಗೊತ್ತು. ಸಮಯ ಬದಲಿಸಬೇಕೋ, ಬಡಾವಣೆಗೊಂದು ಮನೆಯಲ್ಲಿ ನಡೆಸಬೇಕೋ, ಅವರು ಹೇಳಬಲ್ಲರು. ಅವರನ್ನು ಕೇಳಿದವರಿಲ್ಲ.

ಕರಡು ಯೋಜನೆಯನ್ನೂ ತರಗತಿಯ ಖರ್ಚುವೆಚ್ಚವನ್ನೂ ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡಿ. ಒಂದು ತಿಂಗಳು ಸದಸ್ಯರ ಪತ್ರಗಳಿಗೆ ಕಾಯಿರಿ. ಬಂದ ಪತ್ರಗಳನ್ನೆಲ್ಲ ಓದಿ, ಒಪ್ಪಿದ್ದೆಷ್ಟು, ಬಿಟ್ಟದ್ದೆಷ್ಟು, ಏಕೆ ಎಂದು ಬರೆದು ಮಹಾಸಭೆಯ ಮುಂದಿಡಲು ಸಮಿತಿಯ ಹೊರಗಿನ ಒಬ್ಬರನ್ನು ನೇಮಿಸಿ. ಅಲ್ಲಿಯವರೆಗೆ ತರಗತಿಗೆ ಬೀಗ ಹಾಕಕೂಡದು.