ದಾರಿಯ ತಪಾಸಣೆಗೂ ಲೆಕ್ಕವಿರಲಿ

ಧರ್ಮಗುರು ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದುದು ಸಮಾಜ ಬಾಂಧವರೆಲ್ಲರೂ ಬಲ್ಲ ಸಂಗತಿ. ಭಂಡಾರದ ಹಣ ಜಂಗಮ ದಾಸೋಹಕ್ಕೆ ಹೋಗುತ್ತಿದೆಯೆಂದು ಕೊಂಡೆಯರು ದೂರಿದಾಗ ಅವರು ಕೋಪಿಸಿಕೊಳ್ಳದೆ ಲೆಕ್ಕವನ್ನು ಒಪ್ಪಿಸಿದರು. ಒಂದು ಹೊನ್ನೂ ಕಡಮೆಯಿರಲಿಲ್ಲ ಎಂದು ಪುರಾಣ ಹೇಳುತ್ತದೆ. ಅಧಿಕಾರ ಹಿಡಿದವರು ಕೇಳಿದಾಗ ಲೆಕ್ಕ ತೋರಬೇಕೆಂಬುದು ನಮ್ಮ ಪರಂಪರೆಯ ಪಾಠ.

ಬಿಡದಿ ಕೈಗಾರಿಕಾ ಪ್ರದೇಶದ ರಸ್ತೆಗಳಲ್ಲಿ ಈ ಪಾಠವನ್ನು ನೆನೆಯಬೇಕಾಗಿದೆ. ಪಾಳಿ ಮುಗಿಸಿ ಸರಿರಾತ್ರಿಯಲ್ಲಿ ಬೈಕಿನಲ್ಲಿ ಮನೆಗೆ ಮರಳುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಅವರ ಪ್ರಾಣರಕ್ಷಣೆಗೆ ಪೊಲೀಸ್ ತಪಾಸಣೆ ಬೇಕು; ಆದರೆ ಅದು ವಿವೇಕದಿಂದ ನಡೆಯಬೇಕು. ಇದೇ ಹೆದ್ದಾರಿಯಲ್ಲಿ ಮುಂದೆ ಸಿಗುವ ಮಂಡ್ಯದಲ್ಲಿ 2025ರ ಮೇ 26ರಂದು ಹೆಲ್ಮೆಟ್ ತಪಾಸಣೆಗೆ ಬೈಕನ್ನು ತಡೆದಾಗ, ಆಸ್ಪತ್ರೆಗೆ ಒಯ್ಯುತ್ತಿದ್ದ ಪುಟ್ಟ ಮಗು ರಸ್ತೆಗೆ ಬಿದ್ದು ಅಸುನೀಗಿತು. ಮೂವರು ಸಹಾಯಕ ಸಬ್ ಇನ್‌ಸ್ಪೆಕ್ಟರುಗಳು ಅಮಾನತುಗೊಂಡರು. ಕಣ್ಣಿಗೆ ಕಾಣುವ ಉಲ್ಲಂಘನೆಯಿಲ್ಲದೆ ವಾಹನಗಳನ್ನು ತಡೆಯಬಾರದೆಂದು ರಾಜ್ಯ ಪೊಲೀಸ್ ಮುಖ್ಯಸ್ಥರು ಬಳಿಕ ಸೂಚಿಸಿದರು.

ಏಕೆ ತಡೆದರು, ಎಲ್ಲಿ, ಎಷ್ಟು ಗಂಟೆಗೆ ಎಂಬುದನ್ನು ಇದ್ದುದು ಇದ್ದಂತೆ ಬರೆದಿಟ್ಟಾಗಲೇ ಇಂತಹ ಸೂಚನೆಗೆ ಬೆಲೆ. ಬರೆದ ವೇಳೆಯ ಮೇಲೆಯೇ ಒಬ್ಬನ ಬಿಡುಗಡೆ ನಿಂತಿರಬಹುದು. 1988ರ ಮೋಟಾರು ವಾಹನ ಕಾಯ್ದೆಯಂತೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿ ಮದ್ಯಾಂಶವಿದ್ದರೆ ವಾಹನ ಚಾಲನೆ ಅಪರಾಧ. ಆ ಆರೋಪದ ಮೇಲೆ ಬಂಧಿಸಿದವನನ್ನು 2 ಗಂಟೆಯೊಳಗೆ ವೈದ್ಯರಿಂದ ಪರೀಕ್ಷಿಸಬೇಕು, ಇಲ್ಲವಾದರೆ ಬಿಟ್ಟುಬಿಡಬೇಕು. ಬಂಧನದ ವೇಳೆಯನ್ನೇ ತಿದ್ದಿ ಬರೆದರೆ ಈ ರಕ್ಷಣೆ ಎಲ್ಲಿ ಉಳಿಯಿತು? ಕ್ಯಾಮೆರಾಗಳಿಗೂ ಕಟ್ಟಳೆಯುಂಟು: ಅವುಗಳ ಅನುಮೋದನಾ ಪತ್ರವನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ಪ್ರಕರಣ ಮುಗಿಯುವವರೆಗೆ ಚಿತ್ರದಾಖಲೆಯನ್ನು ಕಾಯ್ದಿಡಬೇಕು ಎಂದು 2021ರ ಕೇಂದ್ರ ನಿಯಮ ವಿಧಿಸಿತು.

ನಿಜವಾದ ದಾಖಲೆ ಪ್ರಜೆಗೆ ಮಾತ್ರವಲ್ಲ, ಮಳೆ-ಬಿಸಿಲಿನಲ್ಲಿ ನಿಂತು ಪ್ರಾಮಾಣಿಕವಾಗಿ ಕಾಯಕ ಮಾಡುವ ಪೇದೆಗೂ ಸಾಕ್ಷಿಯಾಗುತ್ತದೆ. ಸುಳ್ಳು ದೂರು ಬಂದ ದಿನ ಅವನನ್ನು ಕಾಯುವುದು ಅದೇ ಕಾಗದ.

ಇಲ್ಲಿ ನಮ್ಮ ಹೊಣೆಯೂ ಉಂಟು. ಹೆಲ್ಮೆಟ್ ಧರಿಸೋಣ, ಮದ್ಯ ಮುಟ್ಟದಿರೋಣ. ದಂಡ ತೆತ್ತರೆ ರಸೀದಿ ಕೇಳಿ, ಅದರಲ್ಲಿಯ ಸ್ಥಳ-ವೇಳೆಗಳನ್ನು ಅಲ್ಲಿಯೇ ಓದಿ ನೋಡೋಣ. ರಸೀದಿಯಿಲ್ಲದ ನೂರು ರೂಪಾಯಿ ಕೊಟ್ಟು ಪಾರಾದವನು ದಾಖಲೆಯನ್ನು ಸುಳ್ಳಾಗಿಸುವುದರಲ್ಲಿ ಪಾಲುದಾರನೇ ಸರಿ. ಅನ್ಯಾಯವಾದರೆ ಬೀದಿಯಲ್ಲಿ ಜಗಳ ಬೇಡ. ಮೇಲಧಿಕಾರಿಗಳಿಗೂ ಪೊಲೀಸ್ ದೂರು ಪ್ರಾಧಿಕಾರಕ್ಕೂ ಬರೆದು ತಿಳಿಸಬಹುದು. ಇಂತಹ ಪ್ರಾಧಿಕಾರಗಳನ್ನು ರಚಿಸಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿಯೇ ಆದೇಶಿಸಿತ್ತು.

ಭಂಡಾರದ ಲೆಕ್ಕವಾಗಲಿ ದಾರಿಯ ತಪಾಸಣೆಯಾಗಲಿ, ಬರೆದದ್ದೂ ನಡೆದದ್ದೂ ಒಂದೇ ಆಗಿರಲಿ.